ಬಾಲನಟಿ ನಾಯಕಿಯಾಗುವ ತನಕ

ಬಳ್ಳಾರಿಯಲ್ಲಿ ಬೇಸಿಗೆಯ ರಂಗಶಿಬಿರಗಳು ಮುಗಿಯುವ ಹೊತ್ತಿಗೆ ತಂದೆತಾಯಿಗಳ ಬಾಯಲ್ಲಿ ಬರುವ ಪ್ರಶ್ನೆ ಒಂದೇ: ‘ನಮ್ಮ ಹುಡುಗಿ ಛಲೋ ಮಾಡ್ತಾಳ್ರಿ, ಸೀರಿಯಲ್‌ಗೆ ಹಚ್ಚಬೋದೇನ್ರಿ?’ ಹಚ್ಚಬಹುದು. ಎಂಟು ವರ್ಷದ ಚುರುಕು ಹುಡುಗಿಗೆ ಪಾತ್ರ ಸಿಗುವುದು ಅಸಾಧ್ಯವೇನಲ್ಲ. ಅವಳಿಗೆ ಹನ್ನೆರಡು ತುಂಬಿದ ಮೇಲೆ ಏನು ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಬಾಲನಟಿಯ ಕೆಲಸ ಒಂದು ವೃತ್ತಿ, ನಟಿಯ ಕೆಲಸ ಇನ್ನೊಂದು. ಎರಡರ ನಡುವೆ ಆರೇಳು ವರ್ಷ ಖಾಲಿ ಬೀಳುತ್ತದೆ. ಆ ವರ್ಷಗಳನ್ನು ದಾಟುವ ಸಿದ್ಧತೆ ಮೊದಲ ಆಡಿಷನ್‌ಗೂ ಮುಂಚೆಯೇ ಶುರುವಾಗಬೇಕು.

ನಮ್ಮ ಭಾಗದ ಕಂಪನಿ ನಾಟಕಗಳಲ್ಲಿ ಈ ಖಾಲಿ ಇರಲಿಲ್ಲ. ಲೋಹಿತಾಶ್ವನಾಗಿಯೋ ಬಾಲಕೃಷ್ಣನಾಗಿಯೋ ರಂಗಕ್ಕೆ ಬಂದ ಹುಡುಗಿ ಅದೇ ಕಂಪನಿಯಲ್ಲಿ ಮೇಳದ ಹಾಡು ಕಲಿತು, ಸಖಿಯಾಗಿ, ನಾಯಕಿಯಾಗಿ, ಕೊನೆಗೆ ತಾಯಿ ಪಾತ್ರದ ತನಕ ಹೋಗುತ್ತಿದ್ದಳು. ಸುಭದ್ರಮ್ಮ ಮನ್ಸೂರರಂಥ ಹಾಡುನಟಿಯರನ್ನು ಬೆಳೆಸಿದ ನೆಲ ಇದು. ಅಲ್ಲಿ ವಯಸ್ಸು ಬದಲಾದರೆ ಪಾತ್ರ ಬದಲಾಗುತ್ತಿತ್ತು, ಕೆಲಸ ನಿಲ್ಲುತ್ತಿರಲಿಲ್ಲ. ಟಿವಿಯಲ್ಲಿ ಹಾಗಲ್ಲ. ಮಗು ಎತ್ತರವಾದರೆ ಪಾತ್ರವೇ ಬೇರೆಯವರ ಪಾಲಾಗುತ್ತದೆ.

ಮೊದಲು ಆಡಿಷನ್ ವಿಚಾರ. ಈಗ ಬಹುಪಾಲು ಮೊದಲ ಆಯ್ಕೆ ನಡೆಯುವುದು ಮೊಬೈಲಿನಲ್ಲಿ ಕಳಿಸಿದ ವಿಡಿಯೊ ನೋಡಿ. ಹಾಗಾಗಿ ಆಡಿಷನ್‌ಗೆಂದೇ ಬಳ್ಳಾರಿಯಿಂದ 300 ಕಿಲೋಮೀಟರ್ ದಾಟಿ ಬೆಂಗಳೂರಿಗೆ ಓಡುವ ಅಗತ್ಯವಿಲ್ಲ. ಮೇಕಪ್ ಇಲ್ಲದ ಮೂರು ಫೋಟೊ ಸಾಕು: ಎದುರಿಂದ ಒಂದು, ಪಕ್ಕದಿಂದ ಒಂದು, ಅಡಿಯಿಂದ ಮುಡಿಯವರೆಗೆ ಒಂದು. ಜತೆಗೆ ಒಂದು ನಿಮಿಷದ ಪರಿಚಯದ ವಿಡಿಯೊ ಇರಲಿ: ಹೆಸರು, ವಯಸ್ಸು, ಎತ್ತರ, ಬರುವ ಭಾಷೆಗಳು, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿದ ಮುಖ. ಫೋನನ್ನು ಅಡ್ಡ ಹಿಡಿಯಿರಿ. ಮಗು ಕಿಟಕಿಗೆ ಎದುರಾಗಿ ನಿಲ್ಲಲಿ, ಬೆನ್ನು ಮಾಡಿ ಅಲ್ಲ. ಹಿಂದೆ ಬರೀ ಗೋಡೆ ಇರಲಿ. ನಮ್ಮೂರ ಬಿಸಿಲಿಗೆ ಕಷ್ಟವಾದರೂ ಫ್ಯಾನ್ ಆರಿಸಿ, ಅದರ ಸದ್ದು ಮಾತನ್ನು ನುಂಗುತ್ತದೆ. ಆಮೇಲೆ ಮುಕ್ಕಾಲು ನಿಮಿಷದ ಎರಡು ಸನ್ನಿವೇಶ: ಒಂದರಲ್ಲಿ ಮಾತು, ಇನ್ನೊಂದರಲ್ಲಿ ಹೆಚ್ಚಾಗಿ ಕೇಳಿಸಿಕೊಳ್ಳುವುದು.

ಎರಡನೆಯದನ್ನು ಯಾರೂ ಕಳಿಸುವುದಿಲ್ಲ. ಬರುವುದೆಲ್ಲ ನಾಯಕಿಯ ಡೈಲಾಗ್ ಒದರುವ ಎಂಟರ ಹುಡುಗಿ, ಇಲ್ಲವೇ ರೀಲ್ಸ್ ನೋಡಿ ಕಲಿತ ಹುಬ್ಬು ಕುಣಿತ. ಆಯ್ಕೆ ಮಾಡುವವರು ನೋಡುವುದು ಬೇರೆ. ಎದುರಿನವರು ಮಾತಾಡುವಾಗ ಮಗುವಿನ ಕಣ್ಣು ಎಲ್ಲಿದೆ, ‘ಇನ್ನೊಮ್ಮೆ ಮಾಡು, ಈ ಸಲ ಅಳಬೇಡ’ ಎಂದರೆ ಬದಲಿಸಿ ಮಾಡುತ್ತದೋ ಇಲ್ಲವೋ ಎಂಬುದನ್ನು. ಕ್ಯಾಮೆರಾ ಹಿಂದಿನಿಂದ ಅಪ್ಪ ಪಿಸುಗುಟ್ಟಿ ಹೇಳಿಕೊಟ್ಟರೆ ಮಗುವಿನ ನೋಟ ಆ ಕಡೆ ಜಾರುತ್ತದೆ, ವಿಡಿಯೊ ಅಲ್ಲಿಗೇ ಮುಗಿಯಿತು.

ನೋಂದಣಿ ಶುಲ್ಕ, ಪೋರ್ಟ್‌ಫೋಲಿಯೊ (ಫೋಟೊಗಳ ಆಲ್ಬಂ) ಶುಲ್ಕ, ‘ಪಾತ್ರ ಖಾತ್ರಿ’ ಎಂದು ಅಡ್ವಾನ್ಸ್ ಕೇಳುವವರಿಗೆ ಒಂದು ರೂಪಾಯಿಯೂ ಕೊಡಬೇಡಿ. ಕೆಲಸ ಕೊಡುವವರು ದುಡ್ಡು ಕೊಡುತ್ತಾರೆ, ಕೇಳುವುದಿಲ್ಲ. ಲಾಡ್ಜಿನ ಕೋಣೆಗೆ ಆಡಿಷನ್‌ಗೆ ಕರೆದರೆ ಹೋಗಲೇಬೇಡಿ.

ಆಯ್ಕೆಯಾದ ಮೇಲಿನ ಕಲಿಕೆಯಲ್ಲಿ ನಮ್ಮ ಮಕ್ಕಳಿಗೆ ಎರಡು ತೊಡಕು ಬರುತ್ತವೆ. ಮೊದಲನೆಯದು ದನಿ. ರಂಗದ ಮೇಲೆ ಕೊನೆಯ ಸಾಲಿಗೆ ಮುಟ್ಟಿಸಿ ಮಾತಾಡಿ ರೂಢಿಯಾದ ಹುಡುಗಿ ಎದೆಗೆ ಸಿಕ್ಕಿಸಿದ ಮೈಕಿನ ಮುಂದೆ ಅದೇ ಎತ್ತರದಲ್ಲಿ ಮಾತಾಡಿದರೆ ಧ್ವನಿ ಒಡೆಯುತ್ತದೆ, ಕ್ಲೋಸಪ್ಪಿನಲ್ಲಿ ಮುಖ ಅತಿಯಾಗುತ್ತದೆ. ಇದಕ್ಕೆ ಮದ್ದು ಸುಲಭ. ಅದೇ ಮಾತನ್ನು ಅಂಗಳದಾಚೆಗೆ ಕೇಳುವಂತೆ ಒಮ್ಮೆ, ಊಟಕ್ಕೆ ಕೂತವರಿಗೆ ಹೇಳುವಂತೆ ಒಮ್ಮೆ, ಪಕ್ಕದಲ್ಲಿ ಮಲಗಿದ ಅಜ್ಜಿಗೆ ಹೇಳುವಂತೆ ಒಮ್ಮೆ ಹೇಳಿಸಿ. ಕ್ಯಾಮೆರಾಗೆ ಬೇಕಾದ್ದು ಬಹುತೇಕ ಎರಡನೆಯದು, ಕ್ಲೋಸಪ್ಪಿಗೆ ಮೂರನೆಯದು. ಅರ್ಥ, ಭಾವ ಕುಗ್ಗಬಾರದು, ದನಿ ಮಾತ್ರ ಕುಗ್ಗಬೇಕು.

ಎರಡನೆಯದು ಭಾಷೆ. ‘ಮಾಡಾಕತ್ತೀನ್ರಿ’ ಎನ್ನುವ ಮಗು ‘ಮಾಡ್ತಾ ಇದೀನಿ’ ಎನ್ನಬೇಕು. ಹೆಚ್ಚಿನ ಧಾರಾವಾಹಿಗಳ ಮಾತು ಬೆಂಗಳೂರು, ಮೈಸೂರು ಕಡೆಯದು. ಕಲಿಸುವವರು ಮಾಡುವ ತಪ್ಪು ಮನೆಮಾತನ್ನೇ ಅಳಿಸಿಹಾಕಲು ಹೊರಡುವುದು. ಅದು ಬೇಡ. ಉತ್ತರ ಕರ್ನಾಟಕದ ಮಾತಿನ ಪಾತ್ರಗಳಿಗೆ ಹುಡುಕುವಾಗ ಅದನ್ನು ಹುಟ್ಟಿನಿಂದ ಆಡಿದವರು ಸಿಗುವುದೇ ಅಪರೂಪ. ಬಳ್ಳಾರಿಯ ಮಕ್ಕಳಿಗೆ ತೆಲುಗೂ ಬಾಯಲ್ಲಿರುತ್ತದೆ. ನಾಯಕಿಯಾಗುವ ವಯಸ್ಸಿಗೆ ಹೈದರಾಬಾದಿನ ಬಾಗಿಲು ತೆರೆಯುವುದು ಅದರಿಂದಲೇ. ಮೂರನ್ನೂ ಬೇರೆ ಬೇರೆಯಾಗಿ ಆಡಲು ಕಲಿಸಿ, ಒಂದನ್ನೊಂದು ತಿನ್ನಲು ಬಿಡಬೇಡಿ.

ಇದಕ್ಕಿಂತ ದೊಡ್ಡ ಕೇಡು ಪ್ರಾಂಪ್ಟಿಂಗ್. ದಿನಕ್ಕೊಂದು ಕಂತು ಮುಗಿಸುವ ಅವಸರದಲ್ಲಿ ಸಹಾಯಕ ನಿರ್ದೇಶಕರು ಕ್ಯಾಮೆರಾ ಪಕ್ಕ ನಿಂತು ಮಾತನ್ನು ಗಟ್ಟಿಯಾಗಿ ಓದುತ್ತಾರೆ, ಮಗು ಕೇಳಿ ಒಪ್ಪಿಸುತ್ತದೆ. ಕೆಲಸ ಬೇಗ ಆಗುತ್ತದೆ ನಿಜ. ನಾಲ್ಕು ವರ್ಷ ಹೀಗೇ ನಡೆದರೆ ಮಗುವಿಗೆ ಅಂಟುವ ರೋಗ ಬರಿಗಣ್ಣಿಗೇ ಕಾಣುತ್ತದೆ. ಪ್ರತಿ ಮಾತಿಗೂ ಮುಂಚೆ ಅರೆಕ್ಷಣ ನಿಲ್ಲುತ್ತಾಳೆ, ಕಿವಿ ಒಂದು ಕಡೆಗೆ ವಾಲುತ್ತದೆ, ಕಣ್ಣು ಎದುರಿನ ನಟನ ಮೇಲಿದ್ದರೂ ಖಾಲಿಯಾಗಿರುತ್ತದೆ, ಕೊನೆಯ ಪದ ಮುಗಿಯುತ್ತಲೇ ಮುಖದ ಭಾವ ಸ್ವಿಚ್ ಆರಿಸಿದಂತೆ ಆರಿಹೋಗುತ್ತದೆ. ಮಗುವಿನಲ್ಲಿ ಇದು ಮುದ್ದಾಗಿ ಕಾಣುತ್ತದೆ. ಇಪ್ಪತ್ತರ ನಾಯಕಿಯಲ್ಲಿ ಯಾರೂ ಸಹಿಸುವುದಿಲ್ಲ. ದೊಡ್ಡವಳಾದ ಬಾಲನಟಿಯರು ಮರಳಿ ಆಡಿಷನ್ ಕೊಟ್ಟಾಗ ಸೋಲುವುದು ಹೆಚ್ಚಾಗಿ ಇಲ್ಲಿಯೇ. ಹಿಂದಿನ ರಾತ್ರಿಯೇ ದೃಶ್ಯದ ಹಾಳೆ ತರಿಸಿಕೊಳ್ಳಿ, ಸಿಗದಿದ್ದರೆ ಮೇಕಪ್ ಹೊತ್ತಿನಲ್ಲಾದರೂ ಪಡೆಯಿರಿ. ಮಗು ತನ್ನ ಮಾತಿಗಿಂತ ಮೊದಲು ಎದುರಿನವರ ಮಾತು ಕಲಿಯಲಿ. ದಿನಕ್ಕೆ ಒಂದು ದೃಶ್ಯವನ್ನಾದರೂ ಪ್ರಾಂಪ್ಟಿಂಗ್ ಇಲ್ಲದೆ ಮಾಡಿಸಿ ಎಂದು ನಿರ್ದೇಶಕರನ್ನು ವಿನಯದಿಂದ ಕೇಳಬಹುದು. ಬಹಳಷ್ಟು ಮಂದಿ ಒಪ್ಪುತ್ತಾರೆ.

ಇನ್ನು ಕಾನೂನು. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿ 14 ತುಂಬದ ಮಕ್ಕಳ ದುಡಿಮೆಯನ್ನು ನಿಷೇಧಿಸಿ, ಕಲಾವಿದ ಮಕ್ಕಳಿಗೆ ಷರತ್ತಿನ ವಿನಾಯಿತಿ ಕೊಟ್ಟಿತು. ಷರತ್ತುಗಳು 2017ರ ನಿಯಮಗಳಲ್ಲಿವೆ. ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸವಿಲ್ಲ, ಬಿಡುವಿಲ್ಲದೆ 3 ಗಂಟೆ ಮೀರುವಂತಿಲ್ಲ, ಸತತ 27 ದಿನಕ್ಕಿಂತ ಹೆಚ್ಚು ದುಡಿಸುವಂತಿಲ್ಲ. ಐದು ಮಕ್ಕಳಿಗೆ ಒಬ್ಬರಂತೆ ಹೊಣೆಗಾರರಿರಬೇಕು. ಶಾಲೆಯ ಪಾಠ ತಪ್ಪದಂತೆ ಏರ್ಪಾಟು ಬೇಕು. ಮಗುವಿನ ಒಪ್ಪಿಗೆ ಇಲ್ಲದೆ ಏನನ್ನೂ ಮಾಡಿಸುವಂತಿಲ್ಲ. ಜಿಲ್ಲಾಧಿಕಾರಿಯ ಅನುಮತಿ ಪಡೆದು, ‘ಸಿ’ ನಮೂನೆಯಲ್ಲಿ ಮುಚ್ಚಳಿಕೆ ಬರೆದುಕೊಡುವುದು ನಿರ್ಮಾಪಕರ ಕೆಲಸ. ಆ ಮುಚ್ಚಳಿಕೆ 6 ತಿಂಗಳು ಚಾಲ್ತಿಯಲ್ಲಿರುತ್ತದೆ.

ಯಾವ ಜಿಲ್ಲಾಧಿಕಾರಿ ಎಂಬಲ್ಲಿ ಗೊಂದಲ ಹೆಚ್ಚು. ಮಗು ಬಳ್ಳಾರಿಯದು ಎಂದು ಬಳ್ಳಾರಿಯ ಕಚೇರಿಗೆ ಅಲೆಯುವವರಿದ್ದಾರೆ. ಅನುಮತಿ ಬೇಕಾದ್ದು ಚಿತ್ರೀಕರಣ ನಡೆಯುವ ಜಿಲ್ಲೆಯಲ್ಲಿ. ಹಂಪಿಯಲ್ಲಿ ಶೂಟಿಂಗ್ ಆದರೆ ವಿಜಯನಗರ ಜಿಲ್ಲೆ, ತುಂಗಭದ್ರೆ ದಾಟಿ ಆನೆಗೊಂದಿಯಲ್ಲಿ ಕ್ಯಾಮೆರಾ ಇಟ್ಟರೆ ಕೊಪ್ಪಳ ಜಿಲ್ಲೆ. ಒಂದೇ ದಿನ ಎರಡೂ ದಡದಲ್ಲಿ ಕೆಲಸವಿದ್ದರೆ ಎರಡು ಅನುಮತಿ ಬೇಕು. ಅನುಮತಿಪತ್ರದ ನಕಲು ಕೇಳಿ ಇಟ್ಟುಕೊಳ್ಳಿ. ಸೆಟ್ಟಿನಲ್ಲಿ ಮಗುವಿಗೆ ತೊಂದರೆಯಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು, ಮಗುವಿಗೂ ಆ ಸಂಖ್ಯೆ ಬಾಯಿಪಾಠವಿರಲಿ. ಅಮ್ಮನೋ ಅಪ್ಪನೋ ಮಾನಿಟರ್ ಕಾಣುವಷ್ಟು ದೂರದಲ್ಲಿ ಇರಲೇಬೇಕು, ಇದರಲ್ಲಿ ರಾಜಿ ಬೇಡ.

ದುಡ್ಡಿನ ಲೆಕ್ಕ ಬಿಡಿಸಿ ನೋಡೋಣ. ಉದಾಹರಣೆಗೆ ದಿನಕ್ಕೆ 2,500 ರೂಪಾಯಿ, ತಿಂಗಳಿಗೆ 12 ದಿನ ಎಂದಿಟ್ಟುಕೊಳ್ಳಿ: 30,000. ಇದರಲ್ಲಿ ಕನಿಷ್ಠ ಶೇ 20, ಅಂದರೆ 6,000 ರೂಪಾಯಿ, ಮಗುವಿನ ಹೆಸರಲ್ಲಿ ರಾಷ್ಟ್ರೀಕೃತ ಬ್ಯಾಂಕಿನ ನಿಶ್ಚಿತ ಠೇವಣಿಗೆ ನೇರವಾಗಿ ಹೋಗಬೇಕು, ಅದೇ ನಿಯಮ. ಟಿಡಿಎಸ್, ಅಂದರೆ ಸಂಭಾವನೆ ಕೊಡುವಾಗಲೇ ಮುರಿಯುವ ತೆರಿಗೆ, ಸಾಮಾನ್ಯವಾಗಿ ಶೇ 10, ಅದು 3,000. ಮಗುವಿಗೆ ಪ್ಯಾನ್ ಇಲ್ಲದಿದ್ದರೆ ಶೇ 20 ಮುರಿಯುತ್ತಾರೆ, ಹಾಗಾಗಿ ಮೊದಲೇ ಪ್ಯಾನ್ ಮಾಡಿಸಿ. ಕೈಗೆ ಬರುವುದು 21,000. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಬೆಂಗಳೂರಲ್ಲಿಳಿಯುವ ಇಬ್ಬರ ಓಡಾಟ, ಬಾಡಿಗೆ ಕೋಣೆ, ಊಟ, ಜತೆಗೆ ಹೋದವರ ನಿಂತುಹೋದ ದುಡಿಮೆ, ಇಷ್ಟು ಕಳೆದರೆ ಎಷ್ಟು ಉಳಿಯುತ್ತದೆ ಎಂದು ನೀವೇ ಕೂಡಿ ಕಳೆದು ನೋಡಿ. ಸಂಬಳವೂ ತಿಂಗಳಾನುಗಟ್ಟಲೆ ತಡವಾಗಬಹುದು. ಮಾತುಕತೆಯಲ್ಲಿ ದಿನದ ದರಕ್ಕಿಂತ ಮೊದಲು ಓಡಾಟ, ವಸತಿ, ಬಟ್ಟೆ ಯಾರದು ಎಂದು ಕೇಳಿ ಬರೆಸಿಕೊಳ್ಳಿ. ಹಲವು ಧಾರಾವಾಹಿಗಳಲ್ಲಿ ಬಟ್ಟೆಬರೆ ಕಲಾವಿದರ ತಲೆಗೇ ಬರುತ್ತದೆ. ಮಗು ತನ್ನ ಪ್ರತಿಭೆಯಿಂದ ಗಳಿಸಿದ್ದು ಮಗುವಿನದೇ ಆದಾಯ, ತಂದೆತಾಯಿಯ ಆದಾಯಕ್ಕೆ ಸೇರುವುದಿಲ್ಲ. ಆ ಠೇವಣಿಯ ಬಡ್ಡಿ ಮಾತ್ರ ಸೇರುತ್ತದೆ. ರಿಟರ್ನ್ಸ್ ಸಲ್ಲಿಸಿದರೆ ಕಡಿತವಾದ ತೆರಿಗೆ ವಾಪಸ್ ಬರುವ ಸಾಧ್ಯತೆ ಹೆಚ್ಚು.

ಇಷ್ಟೆಲ್ಲ ಸರಿಯಾಗಿ ನಡೆದರೂ ಒಂದು ದಿನ ‘ಲೀಪ್’ ಬರುತ್ತದೆ. ಕಥೆ ಹತ್ತು ವರ್ಷ ಮುಂದಕ್ಕೆ ಜಿಗಿಯುತ್ತದೆ, ಪುಟ್ಟ ಪಾದ ಓಡುತ್ತಿದ್ದಂತೆ ದೊಡ್ಡ ಪಾದವಾಗುತ್ತದೆ, ಮುಖ ಬೇರೆಯವರದು. 2012ರಲ್ಲಿ ಶುರುವಾದ ‘ಪುಟ್ಟಗೌರಿ ಮದುವೆ’ಯಲ್ಲಿ ಪುಟ್ಟ ಗೌರಿಯಾಗಿ ಮನೆಮಾತಾದವರು ಸಾನ್ಯಾ ಅಯ್ಯರ್. ಲೀಪ್ ನಂತರ ಗೌರಿ ಆದವರು ರಂಜನಿ ರಾಘವನ್. ಸಾನ್ಯಾ ಸಿನಿಮಾ ನಾಯಕಿಯಾಗಿ ಬಂದದ್ದು 2024ರಲ್ಲಿ. ನಟರಿಗೂ ಇದೇ ದಾರಿ: 1985ರ ಚಿತ್ರಕ್ಕೆ ಬಾಲನಟನಾಗಿ ರಾಷ್ಟ್ರಪ್ರಶಸ್ತಿ ಪಡೆದ ಪುನೀತ್ ರಾಜ್‌ಕುಮಾರ್ ನಾಯಕನಾದದ್ದು 2002ರಲ್ಲಿ. ಮರೆತ ಮುಖ ಹೊಸದಾಗಿ ಬರಲು ಇಷ್ಟು ಕಾಲ ಬೇಕಾಗುತ್ತದೆ. ಇದನ್ನು ಮಗುವಿಗೆ ಮೊದಲ ದಿನವೇ ಹೇಳಿಡಿ. ಕೊನೆಯ ವಾರ ಹೇಳಿದರೆ ತಾನು ಚೆನ್ನಾಗಿ ಮಾಡದ್ದರಿಂದ ತೆಗೆದರು ಎಂದೇ ಅದು ನಂಬುತ್ತದೆ.

ಅವಸರದ ದಾರಿಯೂ ಒಂದಿದೆ. ಹಿಂದಿಯಲ್ಲಿ 2008ರಲ್ಲಿ ‘ಬಾಲಿಕಾ ವಧು’ವಿನ ಪುಟ್ಟ ಆನಂದಿಯಾದ ಅವಿಕಾ ಗೋರ್, 2011ರಲ್ಲಿ ಇನ್ನೂ ಹದಿನಾಲ್ಕು ತುಂಬುವ ಮೊದಲೇ ಮತ್ತೊಂದು ಧಾರಾವಾಹಿಯಲ್ಲಿ ದೊಡ್ಡ ಹುಡುಗಿಯ ಪಾತ್ರಕ್ಕೆ ಬಂದರು, ಮುಂದೆ ತೆಲುಗು ಚಿತ್ರಗಳಲ್ಲೂ ಗೆದ್ದರು. ಅವರಿಗೆ ಅದು ಕೂಡಿಬಂತು. ಆದರೂ ಹದಿಮೂರರ ಹುಡುಗಿಗೆ ಸೀರೆ ಉಡಿಸಿ ಸೊಸೆ ಮಾಡಬೇಡಿ ಎಂದೇ ನಾನು ಹೇಳುತ್ತೇನೆ. ಆ ವಯಸ್ಸಿನ ಮೈಮನಸ್ಸಿಗೆ ಅದು ಭಾರ. ಮೇಲಾಗಿ ಒಮ್ಮೆ ಸೊಸೆಯಾಗಿ ಕಂಡವಳಿಗೆ ಹತ್ತೊಂಬತ್ತರಲ್ಲಿ ಕಾಲೇಜು ಹುಡುಗಿಯ ಪಾತ್ರ ಸಿಗುವುದಿಲ್ಲ.

ಹಾಗಾದರೆ ಹದಿಮೂರರಿಂದ ಹದಿನೆಂಟರವರೆಗೆ ಏನು ಮಾಡಬೇಕು? ಓದು, ಮೊದಲಿಗೆ. ಎಸ್ಸೆಸ್ಸೆಲ್ಸಿಗೆ ಶೇ 75 ಹಾಜರಾತಿ ಬೇಕು. ಸಾಧ್ಯವಾಗದಿದ್ದರೆ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲೆ) ಮೂಲಕ ಹತ್ತನೆಯದನ್ನು ಮುಗಿಸುವ ದಾರಿ ಇದೆ, ಅದಕ್ಕೆ 14 ತುಂಬಿರಬೇಕು. ಕ್ಯಾಮೆರಾ ಬಿಟ್ಟು ರಂಗಕ್ಕೆ ಮರಳಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಇಡೀ ನಾಟಕವನ್ನು ಆದಿಯಿಂದ ಅಂತ್ಯದವರೆಗೆ ನೆನಪಿನಲ್ಲಿ ಹಿಡಿದು ಆಡುವುದು ಪ್ರಾಂಪ್ಟಿಂಗ್ ರೋಗಕ್ಕೆ ಖಾತ್ರಿ ಚಿಕಿತ್ಸೆ. ಸಹಜ ಅಭಿನಯಕ್ಕೆ ಹೆಸರಾಗಿದ್ದ, ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಬೇಕೆಂದು ಆ ಕಾಲದಲ್ಲೇ ಹಟ ಹಿಡಿದಿದ್ದ ಬಳ್ಳಾರಿ ರಾಘವರ ಊರಿನಲ್ಲಿ ಇದಕ್ಕೆ ರಂಗಮಂದಿರವೂ ಇದೆ, ಕಲಿಸುವವರೂ ಇದ್ದಾರೆ. ಹಾಡು ಬಿಡದಿರಲಿ, ಈಜು, ಸೈಕಲ್ಲು, ಸಾಧ್ಯವಾದರೆ ಒಂದು ನೃತ್ಯ ಸೇರಲಿ. ಇನ್‌ಸ್ಟಾಗ್ರಾಂ ಖಾತೆಗೆ 13 ಆಗಿರಬೇಕೆಂಬ ನಿಯಮವಿದೆ. ಆಮೇಲೂ ಒಂದೆರಡು ವರ್ಷ ಅದರ ಪಾಸ್‌ವರ್ಡ್ ಅಮ್ಮನ ಹತ್ತಿರವೇ ಇರಲಿ, ಕಮೆಂಟುಗಳನ್ನು ಅಮ್ಮನೇ ಓದಲಿ.

ಹದಿನೆಂಟರ ನಂತರ ನಟನೆಯೇ ಬೇಕು ಎಂದು ಅವಳೇ ಹೇಳಿದರೆ, ಅವಳೇ ಹೇಳಬೇಕು, ಒಂದು ವರ್ಷ ತರಬೇತಿಗೆ ಇಡಿ. ಹೆಗ್ಗೋಡಿನ ನೀನಾಸಂ, ಮೈಸೂರು ರಂಗಾಯಣದ ಭಾರತೀಯ ರಂಗ ಶಿಕ್ಷಣ ಕೇಂದ್ರ, ಬೆಂಗಳೂರಿನ ರಾಷ್ಟ್ರೀಯ ನಾಟಕ ಶಾಲೆಯ ಕೇಂದ್ರ, ಮೂರರಲ್ಲೂ ಒಂದು ವರ್ಷದ ಕೋರ್ಸ್ ಇದೆ. ಹೊಸ ಆಡಿಷನ್‌ಗೆ ಹಳೆಯ ಬಾಲನಟಿಯ ವಿಡಿಯೊ ಒಯ್ಯಬೇಡಿ, ನೋಡುವವರ ಕಣ್ಣಿಗೆ ಅದೇ ಮಗು ಕಾಣುತ್ತದೆ. ಈಗಿನ ಮುಖ, ಈಗಿನ ದನಿ ಸಾಕು. ನಾಯಕಿಯ ಒಪ್ಪಂದದಲ್ಲಿ ತಿಂಗಳಿಗೆ ಎಷ್ಟು ದಿನ, ಬೇರೆ ವಾಹಿನಿಯಲ್ಲಿ ಮಾಡಬಹುದೇ, ಟಿಆರ್‌ಪಿ ಬಿದ್ದು ಧಾರಾವಾಹಿ ನಿಂತರೆ ಬಾಕಿ ಯಾವಾಗ ಎಂಬ ಮೂರು ಸಾಲು ಹುಡುಕಿ ಓದಲಿ. ಅಪ್ರಾಪ್ತರ ಸಹಿಗೆ ಕಾನೂನಿನಲ್ಲಿ ಬೆಲೆಯಿಲ್ಲದ್ದರಿಂದ ಈವರೆಗೆ ಅಪ್ಪನ ಸಹಿ ಇರುತ್ತಿತ್ತು, ಇನ್ನು ಅವಳದೇ. ಹದಿನೆಂಟು ತುಂಬಿದ ತಿಂಗಳಲ್ಲೇ ಪ್ಯಾನ್ ಕಾರ್ಡಿಗೆ ಅವಳ ಫೋಟೊ, ಸಹಿ ಸೇರಿಸಿ, ಬ್ಯಾಂಕ್ ಖಾತೆಯನ್ನು ಅವಳ ಕೈಗೆ ವರ್ಗಾಯಿಸಿ, ಠೇವಣಿಯ ರಸೀದಿಗಳನ್ನು ಎಣಿಸಿ ಅವಳಿಗೇ ಒಪ್ಪಿಸಿ.