ಗರ್ಭಪಾತದ ವಾದದಲ್ಲಿ ‘ಜವಾಬ್ದಾರಿ’ ಎಂಬ ಪದ ಜಾರುವ ಜಾಗಗಳು: ಒಂದು ಅಧ್ಯಯನ ಟಿಪ್ಪಣಿ

ಅಮೆರಿಕದ ಗರ್ಭಪಾತದ ಜಗಳವನ್ನು ಓದಲು ಕೂತರೆ ಮೊದಲು ಕಣ್ಣಿಗೆ ಬೀಳುವುದು ಎರಡು ಬೋರ್ಡು: ಪ್ರೊ-ಲೈಫ್ (ಗರ್ಭಪಾತ ಬೇಡ ಎನ್ನುವವರು), ಪ್ರೊ-ಚಾಯ್ಸ್ (ಆಯ್ಕೆ ಹೆಣ್ಣಿನದು ಎನ್ನುವವರು). ನಾನೂ ಪುಟದ ನಡುವೆ ಗೆರೆ ಎಳೆದು ಎರಡು ಪಟ್ಟಿ ಮಾಡಲು ಹೊರಟಿದ್ದೆ. ಸ್ವಲ್ಪ ದಿನದಲ್ಲೇ ಆ ಪುಟ ಹರಿದು ಹಾಕಬೇಕಾಯಿತು. ಒಂದು ವಾದ ಮಾತ್ರ ಗೆರೆಯ ಎರಡೂ ಕಡೆ ಬಂದು ಕೂರುತ್ತಿತ್ತು. ಅದೇ ಜವಾಬ್ದಾರಿಯ ವಾದ. ಈ ಟಿಪ್ಪಣಿ ಜಾಸ್ತಿ ಅದರ ಸುತ್ತಲೇ ಓಡಾಡುತ್ತದೆ.

ಇಸವಿಗಳನ್ನು ಮೊದಲು ಮುಗಿಸಿಬಿಡೋಣ. 1973ರ ಜನವರಿ 22ರಂದು ಅಮೆರಿಕದ ಸುಪ್ರೀಂ ಕೋರ್ಟಿನ ‘ರೋ ವಿರುದ್ಧ ವೇಡ್’ ತೀರ್ಪು ಬಂತು. ಗರ್ಭಪಾತಕ್ಕೆ ಸಂವಿಧಾನದ ರಕ್ಷಣೆ ಸಿಕ್ಕಿತು. ಅದೇ ಕೋರ್ಟಿನ 1992ರ ‘ಕೇಸಿ’ ತೀರ್ಪು ಅದರ ತಿರುಳನ್ನು ಉಳಿಸಿಕೊಂಡು, ರಾಜ್ಯಗಳಿಗೆ ನಿರ್ಬಂಧ ಹಾಕಲು ಹೆಚ್ಚು ಜಾಗ ಕೊಟ್ಟಿತು. 2022ರ ಜೂನ್ 24ರ ‘ಡಾಬ್ಸ್’ ತೀರ್ಪು ಎರಡನ್ನೂ ತೆಗೆದುಹಾಕಿತು. ಈಗ ಒಂದೊಂದು ರಾಜ್ಯದಲ್ಲಿ ಒಂದೊಂದು ಕಾನೂನು.

ಒಂದು ಪದ, ಎರಡು ಅರ್ಥ

“ಅವಳೇ ಒಪ್ಪಿ ಸೇರಿದ್ದಲ್ವಾ? ಹಾಗಾದರೆ ಬಂದದ್ದನ್ನು ಅವಳೇ ಹೊರಬೇಕು.” ಈ ಮಾತು ನೀವೂ ಕೇಳಿರುತ್ತೀರಿ. ಮಾಡಿದ್ದುಣ್ಣೋ ಮಾರಾಯ ಎಂದ ಹಾಗೆ. ಕೇಳಲು ಸರಿ ಅನಿಸುತ್ತದೆ. ಆದರೆ ಇಲ್ಲಿ ಎರಡು ಮಾತು ಒಂದರೊಳಗೊಂದು ಸೇರಿಕೊಂಡಿವೆ. ಮೊದಲನೆಯದು, ಇದಕ್ಕೆ ನೀನು ಕಾರಣ. ಎರಡನೆಯದು, ಆದ್ದರಿಂದ ಇಂಥದ್ದೇ ಹೊರೆಯನ್ನು ಹೊರಲು ನೀನು ಬದ್ಧ. ಕಾರಣ ಆಗುವುದು ಬೇರೆ, ಹೊಣೆ ಹೊರುವುದು ಬೇರೆ. ಒಂದರಿಂದ ಇನ್ನೊಂದಕ್ಕೆ ಹೋಗಲು ನಡುವೆ ಒಂದು ವಾದ ಬೇಕು. ಚರ್ಚೆಯಲ್ಲಿ ಹೆಚ್ಚಿನವರು ಅದನ್ನು ಕೊಡುವುದೇ ಇಲ್ಲ, ಸುಮ್ನೆ ಹಾರಿಬಿಡುತ್ತಾರೆ.

ಒಂದು ಉದಾಹರಣೆ ನೋಡಿ. ಚಾಲಕನ ತಪ್ಪಿನಿಂದಲೇ ಅಪಘಾತ ಆಯಿತು, ಗಾಯಗೊಂಡವರ ಮೂತ್ರಪಿಂಡ ಹಾಳಾಯಿತು ಎಂದುಕೊಳ್ಳಿ. ಚಾಲಕ ಪರಿಹಾರ ಕೊಡಬೇಕು, ಶಿಕ್ಷೆಯೂ ಆಗಬಹುದು. ಆದರೆ ಅವನ ಮೂತ್ರಪಿಂಡವನ್ನೇ ತೆಗೆದು ಕೊಡಿ ಎಂದು ಯಾವ ಕೋರ್ಟೂ ಹೇಳುವುದಿಲ್ಲ. 1978ರಲ್ಲಿ ಪೆನ್ಸಿಲ್ವೇನಿಯಾದ ಒಂದು ಕೋರ್ಟಿಗೆ ಇದಕ್ಕೆ ಹತ್ತಿರದ ಪ್ರಕರಣವೇ ಬಂದಿತ್ತು. ಒಬ್ಬನಿಗೆ ಅಸ್ಥಿಮಜ್ಜೆ ಬೇಕಿತ್ತು. ಹೊಂದಿಕೆಯಾಗುವ ಸಂಬಂಧಿ ಕೊಡುವುದಿಲ್ಲ ಎಂದ. ನ್ಯಾಯಾಧೀಶರು ಆ ನಿರಾಕರಣೆ ನೈತಿಕವಾಗಿ ಸಮರ್ಥಿಸಲಾಗದ್ದು ಎಂದರು. ಆದರೂ ಬಲವಂತ ಮಾಡಲು ಒಪ್ಪಲಿಲ್ಲ.

ಇಷ್ಟು ಓದಿ ಪ್ರೊ-ಚಾಯ್ಸ್ ಕಡೆ ಗೆದ್ದಿತು ಎಂದು ಬರೆದುಬಿಡಬೇಡಿ. ನಾನು ಜಾರಿದ್ದು ಇಲ್ಲೇ. ಎದುರಿನವರ ಬಳಿ ಎರಡು ಗಟ್ಟಿ ಉತ್ತರಗಳಿವೆ. ಅಂಗ ಕೊಡದಿರುವುದು ಸಾಯಲು ಬಿಡುವುದು, ಗರ್ಭಪಾತ ಕೊಲ್ಲುವುದು. ಇದು ಒಂದು. ಅಪರಿಚಿತರಿಗೆ ಇಲ್ಲದ ಹೊಣೆ ತಂದೆತಾಯಿಗೆ ಇರುತ್ತದೆ. ಇದು ಇನ್ನೊಂದು. ಎರಡನ್ನೂ ಸುಲಭವಾಗಿ ತಳ್ಳಿಹಾಕಲು ಆಗುವುದಿಲ್ಲ.

ತತ್ವಶಾಸ್ತ್ರದಲ್ಲಿ ಈ ಜಗಳದ ಎರಡು ಕಂಬಗಳನ್ನಾದರೂ ತಿಳಿದಿರಬೇಕು. 1971ರಲ್ಲಿ ಜುಡಿತ್ ಜಾರ್ವಿಸ್ ಥಾಮ್ಸನ್, ಭ್ರೂಣವನ್ನು ವ್ಯಕ್ತಿ ಎಂದು ಒಪ್ಪಿಕೊಂಡೇ ವಾದ ಶುರು ಮಾಡಿದರು. ನೀವು ಎಚ್ಚರವಾದಾಗ ಒಬ್ಬ ಪಿಟೀಲು ವಾದಕನನ್ನು ನಿಮ್ಮ ಮೈಗೆ ಜೋಡಿಸಿದ್ದಾರೆ, ಒಂಬತ್ತು ತಿಂಗಳು ಹಾಗೇ ಇರಬೇಕು, ಬಿಡಿಸಿಕೊಂಡರೆ ಅವನು ಸಾಯುತ್ತಾನೆ. ನೀವು ಎದ್ದು ಹೋಗಬಹುದೇ? ಇದು ಅವರ ಪ್ರಶ್ನೆ. 1989ರಲ್ಲಿ ಡಾನ್ ಮಾರ್ಕ್ವಿಸ್ ಇನ್ನೊಂದು ಕಡೆಯಿಂದ ಬಂದರು. ಧರ್ಮವನ್ನು ಎಳೆದು ತರಲಿಲ್ಲ. ಕೊಲ್ಲುವುದು ತಪ್ಪು, ಏಕೆಂದರೆ ಅದು ಮುಂದೆ ಬದುಕಬಹುದಾಗಿದ್ದ ಬದುಕನ್ನೇ ಕಿತ್ತುಕೊಳ್ಳುತ್ತದೆ; ಭ್ರೂಣಕ್ಕೂ ಅಂಥ ಬದುಕು ಮುಂದಿದೆ, ಎಂದರು. ಗಮನಿಸಿ, ಮಾರ್ಕ್ವಿಸ್ ವಾದಕ್ಕೆ ಹೆಣ್ಣು ಏನು ಮಾಡಿದಳು ಎಂಬ ಪ್ರಶ್ನೆಯೇ ಬೇಕಿಲ್ಲ. ಥಾಮ್ಸನ್ ವಾದವನ್ನು ಒಪ್ಪದವರು ಮಾತ್ರ ಆಗಾಗ ಜವಾಬ್ದಾರಿಯನ್ನೇ ಹಿಡಿಯುತ್ತಾರೆ: ಪಿಟೀಲು ಕತೆಯಲ್ಲಿ ನಿಮ್ಮನ್ನು ಅಪಹರಿಸಿದ್ದರು, ಇಲ್ಲಿ ಹಾಗಲ್ಲವಲ್ಲ.

ಎರಡೂ ಕಡೆಗೆ ಒಂದೊಂದು ಪರೀಕ್ಷೆ

“ಭ್ರೂಣ ಪೂರ್ತಿ ಮನುಷ್ಯ ಜೀವ, ಆದರೆ ಅತ್ಯಾಚಾರವಾದರೆ ಗರ್ಭಪಾತ ಆಗಬಹುದು” ಎನ್ನುವವರು ಬಹಳ. ಭ್ರೂಣದ ದೃಷ್ಟಿಯಿಂದ ನೋಡಿದರೆ ಎರಡರಲ್ಲೂ ಏನೂ ಬದಲಾಗಿಲ್ಲ. ಬದಲಾದದ್ದು ಹೆಣ್ಣಿನ ಒಪ್ಪಿಗೆ ಒಂದೇ. ಹಾಗಾದರೆ ಇಲ್ಲಿ ಕೆಲಸ ಮಾಡುತ್ತಿರುವುದು ಜೀವದ ವಾದವೋ, ಜವಾಬ್ದಾರಿಯ ವಾದವೋ? ವಿನಾಯಿತಿ ಕೊಟ್ಟವರು ತಮಗೇ ತಿಳಿಯದೆ ಎರಡನೆಯದಕ್ಕೆ ಜಾರಿದ್ದಾರೆ ಎಂದು ನನ್ನ ಅನಿಸಿಕೆ. ವಿನಾಯಿತಿಯೇ ಬೇಡ ಎನ್ನುವವರು ನಿಷ್ಠುರರಾಗಿ ಕಾಣುತ್ತಾರೆ, ಆದರೆ ಅವರ ಲೆಕ್ಕ ತಪ್ಪಿಲ್ಲ.

ಈಗ ಇನ್ನೊಂದು ಕಡೆ. ಗಂಡಸು ಹೇಳುತ್ತಾನೆ: “ನನಗೆ ಈ ಮಗು ಬೇಕಿರಲಿಲ್ಲ, ಸಾಕುವ ಹಣ ಯಾಕೆ ಕೊಡಲಿ?” ಥಟ್ಟನೆ ಬರುವ ಉತ್ತರ: “ಮೊದಲೇ ಯೋಚಿಸಬೇಕಿತ್ತು.” ಹೆಣ್ಣಿಗೆ ಹೇಳಬಾರದು ಎಂದ ಮಾತನ್ನೇ ಗಂಡಿಗೆ ಹೇಳಿದಂತಾಯಿತು! ಇದಕ್ಕೆ ಒಳ್ಳೆಯ ಉತ್ತರ ಇಲ್ಲವೆಂದಲ್ಲ. ಹಣ ಕೊಡುವುದೂ ಮೈ ಕೊಡುವುದೂ ಒಂದೇ ಅಲ್ಲ. ಹುಟ್ಟಿದ ಮಗುವಿಗೆ ಅನ್ನ ಬೇಕು, ಅದು ಯಾರ ಆಯ್ಕೆ ಎಂದು ಕೇಳುತ್ತಾ ಕೂರಲಾಗದು. ಆದರೆ ಈ ಉತ್ತರಗಳನ್ನು ಬಾಯಿಬಿಟ್ಟು ಹೇಳಬೇಕು. “ಯೋಚಿಸಬೇಕಿತ್ತು” ಎಂದು ಮುಗಿಸಿದರೆ ಎದುರಾಳಿಯ ಆಯುಧವನ್ನೇ ಎರವಲು ಪಡೆದಂತೆ.

ವಾಸ್ತವದ ಒಂದು ಅಂಶವೂ ಇಲ್ಲಿ ಬೇಕು. ಅಮೆರಿಕದ ಗಟ್‌ಮಾಕರ್ ಸಂಸ್ಥೆಯ 2014ರ ಸಮೀಕ್ಷೆಯಲ್ಲಿ, ಗರ್ಭಪಾತಕ್ಕೆ ಬಂದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಗರ್ಭ ನಿಂತ ತಿಂಗಳಲ್ಲಿ ಏನಾದರೂ ಗರ್ಭನಿರೋಧಕ ಬಳಸಿದ್ದೆವು ಎಂದಿದ್ದರು. (ಈ ಸಂಸ್ಥೆ ಗರ್ಭಪಾತದ ಹಕ್ಕಿನ ಪರ ಇದೆ, ಈ ಅಂಕಿಯನ್ನು ಬಳಸಿದರೆ ಅದನ್ನೂ ಬರೆಯಿರಿ.) ಅಲ್ಲದೆ ಗರ್ಭಪಾತ ಮಾಡಿಸಿಕೊಳ್ಳುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ತಾಯಂದಿರು. ಬೇಜವಾಬ್ದಾರಿ ಹುಡುಗಿ ಎಂಬ ಚಿತ್ರಕ್ಕೆ ಇದು ಅಷ್ಟಾಗಿ ಹೊಂದುವುದಿಲ್ಲ.

ಪಕ್ಷದ ಗಂಟು

ಈಗ ಎರಡು ಪಕ್ಷಗಳು ಎರಡು ಗಂಟು ಕಟ್ಟಿಟ್ಟಿವೆ: ರಿಪಬ್ಲಿಕನ್ನರದು ಹೆಚ್ಚಾಗಿ ಪ್ರೊ-ಲೈಫ್, ಡೆಮಾಕ್ರಟರದು ಪ್ರೊ-ಚಾಯ್ಸ್. ಒಂದು ಗಂಟು ಎತ್ತಿಕೊಂಡರೆ ಬಂದೂಕು, ತೆರಿಗೆ, ಗರ್ಭಪಾತ ಎಲ್ಲದರ ಅಭಿಪ್ರಾಯವೂ ಅದರೊಳಗೇ ಸಿಗುತ್ತದೆ. ಹಿಂದೆ ಹೀಗಿರಲಿಲ್ಲ. 1967ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗರ್ಭಪಾತದ ಕಾನೂನನ್ನು ಸಡಿಲಿಸಿ ಸಹಿ ಹಾಕಿದ ಗವರ್ನರ್, ರಿಪಬ್ಲಿಕನ್ ಪಕ್ಷದ ರೊನಾಲ್ಡ್ ರೇಗನ್. ‘ರೋ’ ತೀರ್ಪು 7-2ರಲ್ಲಿ ಬಂತು. ಆ ಏಳರಲ್ಲಿ ಐವರನ್ನು ನೇಮಿಸಿದವರು ರಿಪಬ್ಲಿಕನ್ ಅಧ್ಯಕ್ಷರು. ತೀರ್ಪು ಬರೆದ ಬ್ಲ್ಯಾಕ್‌ಮನ್ ನಿಕ್ಸನ್ ನೇಮಿಸಿದವರು. ಒಪ್ಪದ ಇಬ್ಬರಲ್ಲಿ ಬೈರನ್ ವೈಟ್ ಅವರನ್ನು ನೇಮಿಸಿದವರು ಡೆಮಾಕ್ರಟ್ ಆದ ಜಾನ್ ಕೆನಡಿ. ‘ಡಾಬ್ಸ್’ ಹೊತ್ತಿಗೆ ಗೆರೆ ನೇರವಾಗಿತ್ತು: ಆ ಪ್ರಕರಣದಲ್ಲಿ ಪ್ರಶ್ನೆಗೊಳಗಾಗಿದ್ದ ಮಿಸಿಸಿಪ್ಪಿಯ ಗರ್ಭಪಾತ ನಿರ್ಬಂಧದ ಕಾನೂನನ್ನು ಎತ್ತಿಹಿಡಿದ ಆರೂ ಮಂದಿ ರಿಪಬ್ಲಿಕನ್ ನೇಮಕ, ವಿರೋಧಿಸಿದ ಮೂವರೂ ಡೆಮಾಕ್ರಟ್ ನೇಮಕ.

ಜನ ಮಾತ್ರ ಅಷ್ಟು ನೇರವಾಗಿ ಇಬ್ಭಾಗವಾಗಿಲ್ಲ. ಜನಾಭಿಪ್ರಾಯ ಸಮೀಕ್ಷೆ ಮಾಡುವ ಗ್ಯಾಲಪ್ ಸಂಸ್ಥೆ 1975ರಿಂದ ಗರ್ಭಪಾತದ ಬಗ್ಗೆ ಒಂದೇ ಪ್ರಶ್ನೆ ಕೇಳುತ್ತಾ ಬಂದಿದೆ. ಸರಿಸುಮಾರು ಅರ್ಧದಷ್ಟು ಜನ “ಕೆಲವು ಸಂದರ್ಭಗಳಲ್ಲಿ ಮಾತ್ರ ಕಾನೂನುಬದ್ಧ ಇರಲಿ” ಎನ್ನುತ್ತಲೇ ಬಂದಿದ್ದಾರೆ. 2024ರ ನವೆಂಬರ್‌ನಲ್ಲಿ ಮಿಸ್ಸೂರಿ ರಾಜ್ಯ ಟ್ರಂಪ್‌ಗೆ ದೊಡ್ಡ ಅಂತರದ ಗೆಲುವು ಕೊಟ್ಟಿತು. ಅದೇ ದಿನದ ಮತದಾನದಲ್ಲಿ ಗರ್ಭಪಾತದ ಹಕ್ಕನ್ನು ರಾಜ್ಯದ ಸಂವಿಧಾನಕ್ಕೆ ಸೇರಿಸುವ ತಿದ್ದುಪಡಿಯೂ ಗೆದ್ದಿತು.

ಅಭ್ಯಾಸಕ್ಕೆ ಒಂದು ಪ್ರಶ್ನೆ

2024ರ ಫೆಬ್ರವರಿಯಲ್ಲಿ ಅಲಬಾಮಾದ ಸುಪ್ರೀಂ ಕೋರ್ಟ್, ಐವಿಎಫ್‌ಗಾಗಿ (ಭ್ರೂಣವನ್ನು ದೇಹದ ಹೊರಗೆ, ಪ್ರಯೋಗಾಲಯದಲ್ಲಿ ಮಾಡುವ ಚಿಕಿತ್ಸೆ) ಶೈತ್ಯದಲ್ಲಿಟ್ಟ ಭ್ರೂಣಗಳೂ ಒಂದು ಕಾನೂನಿನ ಮಟ್ಟಿಗೆ ಮಕ್ಕಳೇ ಎಂದಿತು. ಕೆಲವು ಕ್ಲಿನಿಕ್‌ಗಳು ಕೆಲಸ ನಿಲ್ಲಿಸಿದವು. ಮೂರು ವಾರ ಕಳೆಯುವುದರೊಳಗೆ, ಗರ್ಭಪಾತವನ್ನು ಹೆಚ್ಚುಕಡಿಮೆ ಪೂರ್ತಿ ನಿಷೇಧಿಸಿದ್ದ ಅದೇ ರಾಜ್ಯ, ಆ ಕ್ಲಿನಿಕ್‌ಗಳನ್ನು ಕಾಪಾಡುವ ಕಾನೂನು ಮಾಡಿತು.

ಐವಿಎಫ್‌ನಲ್ಲಿ ಭ್ರೂಣ ಆಕಸ್ಮಿಕವಾಗಿ ಆಗುವುದಿಲ್ಲ. ಬೇಕೆಂದೇ, ಯೋಜನೆ ಹಾಕಿ, ಹಣ ಕೊಟ್ಟು ಮಾಡಿಸಿಕೊಂಡದ್ದು. ‘ಕಾರಣ ನೀನೇ’ ಎನ್ನಲು ಇದಕ್ಕಿಂತ ಗಟ್ಟಿ ಉದಾಹರಣೆ ಸಿಗುವುದಿಲ್ಲ. ಆದರೂ ಉಳಿದ ಭ್ರೂಣಗಳನ್ನೆಲ್ಲ ನೀವೇ ಹೊರಬೇಕು ಎಂದು ಆ ದಂಪತಿಗೆ ಹೇಳುವವರು ತೀರಾ ಕಡಿಮೆ. ಯಾಕೆ? ನಿಮ್ಮ ಉತ್ತರದಲ್ಲಿ ‘ಜವಾಬ್ದಾರಿ’ ಎಂಬ ಪದವನ್ನು ಬಳಸದೆ ಒಂದು ಪುಟ ಬರೆಯಿರಿ. ನನ್ನದು ಅರ್ಧ ಪುಟಕ್ಕೇ ನಿಂತಿದೆ.