ಪದ ಪರಿಚಯ: ಹೆಳವ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಮನೆಬಾಗಿಲಿಗೆ ಬಂದು, ಆ ಮನೆತನದ ಮೂಲಪುರುಷನಿಂದ ತೊಟ್ಟಿಲ ಕೂಸಿನವರೆಗೆ ಹೆಸರುಗಳನ್ನು ಓದಿ ಹೇಳಿ, ಕಾಳು, ಬಟ್ಟೆ, ಹಣವನ್ನು ಕಾಣಿಕೆಯಾಗಿ ಪಡೆಯುವವರನ್ನು ಹೆಳವರು ಎನ್ನುತ್ತಾರೆ. ‘ಹೇಳುವವ’ ಎಂಬುದೇ ‘ಹೆಳವ’ ಆಯಿತೆಂದು ಕೆಲವರು ಬಿಡಿಸುವುದುಂಟು. ಕೇಳಲು ಸೊಗಸಾದ ವಿವರಣೆ ಅದು. ಆದರೆ ಕನ್ನಡದಲ್ಲಿ ಹೆಳವ ಎಂದರೆ ಕುಂಟ. ಎತ್ತಿನ ಮೇಲೆ ಕುಳಿತು, ಕಾಲುಗಳನ್ನು ಕಂಬಳಿಯಿಂದ ಮುಚ್ಚಿಕೊಂಡು ಊರಿಗೆ ಬರುತ್ತಿದ್ದ ಇವರ ವಾಡಿಕೆಯನ್ನು ಇಪ್ಪತ್ತನೆಯ ಶತಮಾನದ ಆರಂಭದ ಬರಹಗಳು ದಾಖಲಿಸಿರುವುದರಿಂದ ಈ ಅರ್ಥವೇ ಸರಿಯೆಂದು ತೋರುತ್ತದೆ.

ಶಾಸನವಾಗಲಿ ಚರಿತ್ರೆಯಾಗಲಿ ಹೆಸರಿಸದ ಒಬ್ಬ ಸಾಮಾನ್ಯ ಒಕ್ಕಲಿಗನ ಬಾಳನ್ನು ಅವನ ಮರಿಮಕ್ಕಳು ಹುಡುಕಹೊರಟಾಗ ಈ ಪದದ ಬೆಲೆ ತಿಳಿಯುತ್ತದೆ. ಅಂಥವರು ಮೊದಲು ನೆನೆಯುವುದು ಜನಗಣತಿಯನ್ನು. ಆದರೆ ಮನೆಮನೆಯಲ್ಲಿ ತುಂಬಿಸಿಕೊಂಡ ಗಣತಿಯ ನಮೂನೆಗಳನ್ನು ನೋಡಲು 1948ರ ಜನಗಣತಿ ಕಾಯ್ದೆ ಯಾರಿಗೂ ಅವಕಾಶ ಕೊಡುವುದಿಲ್ಲ. ಪ್ರಕಟವಾಗುವುದು ಊರಿನ ಲೆಕ್ಕವೇ ಹೊರತು ಅಜ್ಜನ ಹೆಸರಲ್ಲ.

ಹೆಸರು ಸಿಗುವುದು ಹೆಳವರ ಹೊತ್ತಿಗೆಯಲ್ಲಿ. ಹಿಂದೆ ಓಲೆಗರಿ, ತಾಮ್ರಪಟಗಳಲ್ಲಿದ್ದು ಈಗ ದಪ್ಪ ಪುಸ್ತಕಗಳಿಗೆ ಇಳಿದಿರುವ ಈ ಬರಹದಲ್ಲಿ ಮನೆತನದ ಬೆಡಗು (ಕುಲದೊಳಗಿನ ಬಳಿ), ಮನೆದೇವರು, ಮೂಲ ಊರು, ಅಲ್ಲಿಂದ ಯಾವ ಊರಿಗೆ ಬಂದು ನೆಲೆಸಿದರು, ಅಣ್ಣತಮ್ಮಂದಿರಲ್ಲಿ ಯಾರ ಬಳ್ಳಿ ಎತ್ತ ಹಬ್ಬಿತು ಎಂಬುದೆಲ್ಲ ಇರುತ್ತದೆ. ಹೆಳವರ ಒಂದೊಂದು ಕುಟುಂಬಕ್ಕೂ ಇಂತಿಷ್ಟು ಒಕ್ಕಲುಗಳೆಂದು ವಂಶಪಾರಂಪರ್ಯವಾಗಿ ಹಂಚಿಕೆಯಾಗಿರುವುದರಿಂದ ತಂದೆ ಓದಿದ ಮನೆಯನ್ನೇ ಮಗನೂ ಓದುತ್ತಾನೆ.

ಈ ಹೊತ್ತಿಗೆಯ ಕೊರತೆಯನ್ನೂ ಹೇಳಲೇಬೇಕು. ಅದರಲ್ಲಿ ಇಸವಿ ಸಿಗುವುದು ಅಪರೂಪ. ಗಂಡುಸಂತತಿಯೇ ಮುಖ್ಯವಾದ್ದರಿಂದ ಹೆಣ್ಣುಮಕ್ಕಳ ಹೆಸರು ಹಲವೆಡೆ ಬಿಟ್ಟುಹೋಗಿರುತ್ತದೆ. ಆಗ ನೆರವಿಗೆ ಬರುವುದು ಮುಂಬಯಿ ಸರ್ಕಾರದ 1903ರ ಹಕ್ಕುದಾಖಲೆ ಕಾಯ್ದೆಯ ನಂತರ ಬೆಳೆದುಬಂದ ವಾರಸಾ ನೋಂದುಗಳು, ಅಂದರೆ ತೀರಿಕೊಂಡವರ ಹೊಲ ವಾರಸುದಾರರ ಹೆಸರಿಗೆ ಏರಿದ್ದನ್ನು ಬರೆದಿಟ್ಟ, ನಮ್ಮ ಭಾಗದಲ್ಲಿ ಉತಾರ (ದಾಖಲೆಯ ನಕಲು) ತೆಗೆಸಿ ನೋಡುವ ಹಳೆಯ ಕಾಗದಗಳು. ಪಾಲಾಗಿ ಬೇರೆಯಾದವನೊಬ್ಬ ಮಕ್ಕಳಿಲ್ಲದೆ ತೀರಿಕೊಂಡರೆ ಹೆಳವರ ಪುಸ್ತಕದಲ್ಲಿ ಅವನ ಬಳ್ಳಿ ಅಲ್ಲಿಗೇ ನಿಲ್ಲುತ್ತದೆ. ವಾರಸಾ ನೋಂದಿನಲ್ಲಾದರೋ ಅವನ ಹೊಲ ಹೆಂಡತಿಯ ಹೆಸರಿಗೆ ಏರಿದ್ದು, ಆಕೆ ತಾರೀಖಿನ ಸಮೇತ ಕಾಣಿಸಿಕೊಳ್ಳುತ್ತಾಳೆ. ಎರಡನ್ನೂ ಎದುರುಬದುರು ಇಟ್ಟು ಓದಬೇಕಾದದ್ದು ಇದಕ್ಕಾಗಿಯೇ.

ಗಣತಿಯೂ ಇಲ್ಲಿ ವ್ಯರ್ಥವಲ್ಲ. ಧಾತು ಸಂವತ್ಸರದಲ್ಲಿ ತಲೆದೋರಿದ 1876-78ರ ಬರದಿಂದ ಆಗಿನ ಕಲಾದಗಿ ಜಿಲ್ಲೆಯ (ಇಂದಿನ ವಿಜಯಪುರ, ಬಾಗಲಕೋಟೆ ಭಾಗ) ಜನಸಂಖ್ಯೆ 1872ರಲ್ಲಿದ್ದುದಕ್ಕಿಂತ 1881ರಲ್ಲಿ ಬಹಳ ಕುಸಿದಿತ್ತು. ಹೊತ್ತಿಗೆಯಲ್ಲಿ ಆ ತಲೆಮಾರಿನ ಹೆಸರುಗಳು ಥಟ್ಟನೆ ವಿರಳವಾಗಿದ್ದರೆ ಬರೆದವನ ಮರೆವೆಂದು ತಳ್ಳಿಹಾಕುವ ಮುನ್ನ ಈ ಲೆಕ್ಕವನ್ನು ನೋಡಬೇಕು.

ಹೆಳವರು ಬಂದಾಗ ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ಹೆಣ್ಣುಮಕ್ಕಳ ಹೆಸರು, ಸೊಸೆಯಂದಿರ ತವರೂರು, ಹುಟ್ಟಿದ ಇಸವಿ ಇವಿಷ್ಟನ್ನೂ ಕೇಳಿಕೊಂಡು ಬರೆಸಬೇಕು.