ಚೆನ್ನಾಗಿಯೇ ಕಾಣುವ ಹಳೇ ಬೆಲ್ಟ್

ಟೈಮಿಂಗ್ ಬೆಲ್ಟ್ ಕೆಡುವ ಮುಂಚೆ ಸಾಮಾನ್ಯವಾಗಿ ಕಿರುಗುಟ್ಟುವುದಿಲ್ಲ, ಡ್ಯಾಶ್‌ಬೋರ್ಡಿನಲ್ಲಿ ದೀಪವನ್ನೂ ಹೊತ್ತಿಸುವುದಿಲ್ಲ. ಕವರಿನೊಳಗೆ ಅಡಗಿ ಕೂತು, ಒಂದು ದಿನ ಕಡಿದುಹೋಗುತ್ತದೆ.

ಎಂಜಿನ್ನಿನ ಪಿಸ್ಟನ್ ಮತ್ತು ವಾಲ್ವ್‌ಗಳ ತಾಳ ಹೊಂದಿಸುವುದು ಈ ಬೆಲ್ಟಿನ ಕೆಲಸ. ದೊಡ್ಡ ಲಾರಿಗಳಲ್ಲಿ ಅದನ್ನು ಹೆಚ್ಚಾಗಿ ಗೇರ್‌ಗಳೇ ಮಾಡುತ್ತವೆ. ಟ್ರಕ್ಕುಗಳ ಪೈಕಿ ಬೆಲ್ಟ್ ಇರುವುದು ಪಿಕಪ್‌ನಂಥ ಸಣ್ಣವುಗಳಲ್ಲಿ, ಅದೂ ಕೆಲವದರಲ್ಲಿ. ಪಿಸ್ಟನ್‌ಗಳು ಕ್ರ್ಯಾಂಕ್‌ಶಾಫ್ಟನ್ನು ತಿರುಗಿಸುತ್ತವೆ, ಗಾಳಿ ಒಳಬಿಡುವ ಮತ್ತು ಹೊಗೆ ಹೊರಬಿಡುವ ವಾಲ್ವ್‌ಗಳನ್ನು ಕ್ಯಾಮ್‌ಶಾಫ್ಟ್ ತೆರೆಯುತ್ತದೆ. ಕ್ರ್ಯಾಂಕ್ ಎರಡು ಸುತ್ತು ಬಂದಾಗ ಕ್ಯಾಮ್ ಸರಿಯಾಗಿ ಒಂದು ಸುತ್ತು ಬರಬೇಕು. ಆ ತಾಳ ಹಿಡಿಯುವುದೇ ಬೆಲ್ಟ್. ತಾಳ ತಪ್ಪಿದರೆ ಅನೇಕ ಎಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ತೆರೆದ ವಾಲ್ವ್‌ಗೆ ಗುದ್ದುತ್ತದೆ. ವಾಲ್ವ್ ಬಾಗುತ್ತದೆ.

ಒಂದು ಲೆಕ್ಕ ಹಾಕೋಣ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಎಂಜಿನ್ ನಿಮಿಷಕ್ಕೆ 2500 ಸುತ್ತು ಹೊಡೆದರೆ, ಒಂದು ಕಿಲೋಮೀಟರಿಗೇ 2500 ಸುತ್ತು. ಒಂದು ಲಕ್ಷ ಕಿ.ಮೀ.ಗೆ 25 ಕೋಟಿ! ಒಂದು ರಬ್ಬರ್ ಪಟ್ಟಿಗೆ ಇದು ಜಾಸ್ತಿಯೇ ಅಲ್ವಾ? ಆದರೆ ಅದು ಬರೀ ರಬ್ಬರ್ ಅಲ್ಲ. ಎಳೆತವನ್ನು ತಡೆಯಲು ಒಳಗೆ ಗಾಜಿನ ನಾರಿನ ಎಳೆಗಳಿವೆ, ಹಲ್ಲುಗಳ ಮೇಲೆ ನೈಲಾನ್ ಬಟ್ಟೆಯ ಹೊದಿಕೆ ಇದೆ. ಅದಕ್ಕೇ ಹೊಸ ಬೆಲ್ಟನ್ನು ಮಡಚಬಾರದು, ಒಳಮೈ ಹೊರಗೆ ಬರುವಂತೆ ತಿರುಚಲೂಬಾರದು. ಗಾಜಿನ ಎಳೆ ಒಳಗೇ ಮುರಿದರೆ ಹೊರಗಿನಿಂದ ಗೊತ್ತೇ ಆಗುವುದಿಲ್ಲ.

ಬೆಲ್ಟ್ ಮುಪ್ಪಾಗುವುದೂ ಹಾಗೆಯೇ. ಬಿಸಿಗೆ ರಬ್ಬರ್ ನಿಧಾನವಾಗಿ ಗಟ್ಟಿಯಾಗುತ್ತದೆ, ಎಣ್ಣೆ ಸೋಕಿದರೆ ಮೆತ್ತಗಾಗಿ ಉಬ್ಬುತ್ತದೆ. ಹಳೇ ಕಾಲದ ಬೆಲ್ಟ್‌ಗಳಲ್ಲಿ ಬಿರುಕು ಕಾಣುತ್ತಿತ್ತು. ಈಗಿನ ರಬ್ಬರ್ ಕೊನೆಯವರೆಗೂ ನುಣ್ಣಗೆ ಇರಬಹುದು. ಹಾಗಾಗಿ ಕವರ್ ತೆಗೆದು ಇಣುಕಿ 'ಚೆನ್ನಾಗಿದೆ' ಎಂದರೆ ನಾನಂತೂ ನಂಬುವುದಿಲ್ಲ. ತಯಾರಕರು ಹೇಳಿದ ಕಿಲೋಮೀಟರ್ ಅಥವಾ ವರ್ಷ, ಯಾವುದು ಮೊದಲು ಮುಗಿಯುತ್ತದೋ ಅದೇ ಲೆಕ್ಕ. ಶೆಡ್ಡಿನಲ್ಲಿ ನಿಂತ ಟ್ರಕ್ಕಿಗೂ ಇದೇ ಮಾತು.

ಬೆಲ್ಟ್ ಬದಲಿಸುವ ಕೆಲಸದಲ್ಲಿ ಶ್ರಮವೆಲ್ಲ ಬೆಲ್ಟಿನವರೆಗೆ ಕೈ ತಲುಪಿಸುವುದರಲ್ಲಿದೆ. ರೇಡಿಯೇಟರ್ ಫ್ಯಾನ್, ಹೊರಗಿನ ಬೆಲ್ಟ್‌ಗಳು, ಹಟ ಹಿಡಿದ ಕ್ರ್ಯಾಂಕ್ ಬೋಲ್ಟ್, ಎಲ್ಲ ಬಿಚ್ಚಬೇಕು. ಅಷ್ಟು ಬಿಚ್ಚಿದ ಮೇಲೆ ಬೆಲ್ಟನ್ನು ಬಿಗಿಯಾಗಿಡುವ ಹಳೇ ಟೆನ್ಷನರ್, ಅದನ್ನು ದಾರಿಯಲ್ಲಿಡುವ ಐಡ್ಲರ್ ಪುಲ್ಲಿ, ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲ್‌ಗಳನ್ನು ಹಾಗೇ ಬಿಡುವುದು ಸುಳ್ಳು ಉಳಿತಾಯ. ಐಡ್ಲರಿನ ಬೇರಿಂಗ್ ಜಾಮ್ ಆದರೆ ಹೊಸ ಬೆಲ್ಟೂ ಸವೆದು ಹೋಗುತ್ತದೆ. ವಾಟರ್ ಪಂಪನ್ನು ಇದೇ ಬೆಲ್ಟ್ ತಿರುಗಿಸುತ್ತಿದ್ದರೆ ಅದನ್ನೂ ಬದಲಿಸಿಬಿಡಿ.

ಜೋಡಿಸುವಾಗ ಕ್ರ್ಯಾಂಕ್ ಮತ್ತು ಕ್ಯಾಮ್ ಪುಲ್ಲಿಗಳ ಮೇಲಿನ ಗುರುತುಗಳು ಕೂದಲೆಳೆಯಷ್ಟೂ ತಪ್ಪಬಾರದು. ಕ್ರ್ಯಾಂಕ್ ಪುಲ್ಲಿಗೆ 24 ಹಲ್ಲಿದ್ದರೆ, ಒಂದು ಹಲ್ಲು ತಪ್ಪಿದರೂ ಕ್ರ್ಯಾಂಕ್ ಲೆಕ್ಕದಲ್ಲಿ 15 ಡಿಗ್ರಿ ತಪ್ಪು. ಆಮೇಲೆ ಸ್ಪ್ಯಾನರಿನಿಂದ ಎಂಜಿನ್ನನ್ನು ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ ನೋಡಬೇಕು. ಒಂದೇ ಸುತ್ತಿಗೆ ಕ್ಯಾಮ್ ಗುರುತು ಅರ್ಧ ದಾರಿಯಲ್ಲಿರುತ್ತದೆ. ನಡುವೆ ಬಿಗಿಯಾಗಿ ಬಂದು ಮೆಲ್ಲಗೆ ಸಡಿಲವಾದರೆ ಅದು ಸಿಲಿಂಡರಿನಲ್ಲಿ ಒತ್ತಿದ ಗಾಳಿ, ಹೆದರಬೇಡಿ. ಟಕ್ ಎಂದು ನಿಂತರೆ ಒತ್ತಬೇಡಿ. ಅಲ್ಲಿ ಪಿಸ್ಟನ್ ವಾಲ್ವ್‌ಗೆ ತಾಗಿರಬಹುದು.